ಕಡಲೆ ಉಂಟು, ಹಲ್ಲು ಬೇಕಿಲ್ಲ

ಪ್ರಶ್ನೆ: ಅಜ್ಜನಿಗೆ ಹಲ್ಲು ಸೆಟ್ ಹಾಕಿಸಿದ ದಿನ ನನ್ನ ಮಗಳು ಕೇಳಿದಳು, ‘ಹಲ್ಲೇ ಇಲ್ಲದ ಪ್ರಾಣಿಗಳು ಇದಾವಾ? ಅವಕ್ಕೂ ಸೆಟ್ ಬೇಕಾ?’ ಅಂತ. ಚಿಪ್ಪುಹಂದಿಗೆ ಹಲ್ಲಿಲ್ಲ ಅಂದೆ. ‘ಮತ್ತೆ ಅಗಿಯೋದು ಹೇಗೆ?’ ಅಂದಳು. ಅಲ್ಲಿಗೆ ನನ್ನ ಬಾಯಿ ಕಟ್ಟಿತು. ನೀವು ಹೇಳ್ತೀರಾ?

ಉತ್ತರ: ಚಿಪ್ಪುಹಂದಿಯೂ ಅಗಿಯುತ್ತದೆ. ಬಾಯಲ್ಲಲ್ಲ, ಹೊಟ್ಟೆಯಲ್ಲಿ! ಅದರ ಅಂಟು ನಾಲಿಗೆಯ ಬುಡ ಇರುವುದು ಎದೆಗೂಡಿನ ಕೊನೆಯ ಪಕ್ಕೆಲುಬುಗಳ ಹತ್ತಿರ. ಹುತ್ತದೊಳಗೆ ನಾಲಿಗೆ ಹಾಕಿ, ಅಂಟಿದ ಗೆದ್ದಲನ್ನೆಲ್ಲ ಹಾಗೇ ನುಂಗುತ್ತದೆ. ಹೊಟ್ಟೆಯ ಒಳಗೋಡೆ ನಮ್ಮ ಉಗುರಿನಂಥದೇ ವಸ್ತುವಿನಿಂದ ಗಟ್ಟಿಯಾಗಿದೆ, ಅದರಲ್ಲಿ ಮುಳ್ಳುಗಳೂ ಇವೆ. ಜೊತೆಗೆ ನುಂಗಿದ ಸಣ್ಣ ಕಲ್ಲುಗಳು ಬೇರೆ. ಎಲ್ಲ ಸೇರಿ ಅರೆದುಬಿಡುತ್ತವೆ. ದಕ್ಷಿಣ ಅಮೆರಿಕದ ದೊಡ್ಡ ಇರುವೆಬಾಕಕ್ಕೂ ಹಲ್ಲಿಲ್ಲ. ಅದರ ನಾಲಿಗೆ ಸುಮಾರು 2 ಅಡಿ ಉದ್ದ, ನಿಮಿಷಕ್ಕೆ 150 ಸಲದವರೆಗೂ ಒಳಗೆ ಹೊರಗೆ ಆಡುತ್ತದೆ. ಎಣಿಸಲು ಹೋದರೆ ನಮಗೇ ಸುಸ್ತು.

ಇಲ್ಲೊಂದು ತಪ್ಪೊಪ್ಪಿಗೆ. ಒಮ್ಮೆ ಇದೇ ಅಂಕಣದಲ್ಲಿ ಮೈಮೇಲೆ ಗಟ್ಟಿ ಕವಚ ಹೊತ್ತ ಅಮೆರಿಕದ ಪ್ರಾಣಿ ಆರ್ಮಡಿಲೊಗೂ ಹಲ್ಲಿಲ್ಲ ಎಂದು ಬರೆದು ಓದುಗರಿಂದ ಬೈಸಿಕೊಂಡಿದ್ದೆ. ಹಳೇ ವರ್ಗೀಕರಣದಲ್ಲಿ ಅದರ ಗುಂಪಿಗೆ ‘ಹಲ್ಲಿಲ್ಲದವು’ ಎಂಬ ಅರ್ಥದ ಹೆಸರಿತ್ತು, ಅದನ್ನೇ ನಂಬಿದ್ದೆ. ದೈತ್ಯ ಆರ್ಮಡಿಲೊ ಬಾಯಲ್ಲಿ ನೂರರ ಹತ್ತಿರ ಹಲ್ಲುಗಳಿರುತ್ತವೆ!

ಆಸ್ಟ್ರೇಲಿಯಾದಲ್ಲಿ ಬಾತುಕೋಳಿಯಂಥ ಕೊಕ್ಕಿರುವ ಪ್ಲಾಟಿಪಸ್ ಎಂಬ ಪ್ರಾಣಿಯಿದೆ. ಅದರ ಮರಿಗೆ ಹಲ್ಲು ಇರುತ್ತವೆ, ದೊಡ್ಡದಾಗುವಾಗ ಉದುರುತ್ತವೆ. ನೀಲಿ ತಿಮಿಂಗಿಲದ್ದು ಇನ್ನೂ ವಿಚಿತ್ರ. ತಾಯಿಯ ಹೊಟ್ಟೆಯಲ್ಲಿದ್ದಾಗ ಹಲ್ಲಿನ ಮೊಳಕೆ ಮೂಡಿ, ಹುಟ್ಟುವ ಮೊದಲೇ ಕರಗಿಹೋಗುತ್ತದೆ. ಆ ಜಾಗದಲ್ಲಿ ಜರಡಿಯಂಥ ಪಟ್ಟಿಗಳು ಬೆಳೆಯುತ್ತವೆ. ಬಾಯ್ತುಂಬ ನೀರು ಎಳೆದು ಹೊರಗೆ ತಳ್ಳಿದರೆ ಸೀಗಡಿಯಂಥ ಪುಟ್ಟ ಜೀವಿಗಳು ಒಳಗೇ ಉಳಿಯುತ್ತವೆ. ಹಕ್ಕಿಗಳ ಪೂರ್ವಜರಿಗೂ ಹಲ್ಲಿದ್ದವು. ಹಲ್ಲಿನ ಹೊಳಪು ಪದರ ಕಟ್ಟುವ ಜೀನ್‌ಗಳು ಇವತ್ತಿಗೂ ಹಕ್ಕಿಗಳಲ್ಲಿವೆ, ಆದರೆ ಕೆಟ್ಟು ಕೂತಿವೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮಾತ್ರ ನೆಲಗಪ್ಪೆ. ಬೇರೆ ಬಹುಪಾಲು ಕಪ್ಪೆಗಳಿಗೆ ಮೇಲ್ದವಡೆಯಲ್ಲಾದರೂ ಚೂರುಪಾರು ಹಲ್ಲಿರುತ್ತವೆ, ಇದಕ್ಕೆ ಅದೂ ಇಲ್ಲ. ಒಂದು ರಾತ್ರಿ ದೀಪದ ಕೆಳಗೆ ಒಂದು ಜಿರಲೆ ಹಿಡಿಯಿತು. ನಾನು ಮೊಣಕಾಲೂರಿ ನೋಡುತ್ತಿದ್ದೆ. ಜಿರಲೆಯ ಎರಡು ಕಾಲು ಇನ್ನೂ ಬಾಯಿಂದಾಚೆ ಒದ್ದಾಡುತ್ತಿದ್ದವು. ಕಪ್ಪೆ ಕಣ್ಣು ಮುಚ್ಚಿತು. ಸುಮ್ನೆ ಮುಚ್ಚಿದ್ದಲ್ಲ, ಆ ಎರಡು ಗುಡ್ಡೆಗಳು ತಲೆಯೊಳಗೆ ಇಳಿದೇಹೋದವು! ಮೇಲೆ ಬಂದವು, ಮತ್ತೆ ಇಳಿದವು. ಕಾಲುಗಳು ಮಾಯ. ಕಣ್ಣುಗುಡ್ಡೆಗಳು ಬಾಯಿಯ ಮೇಲ್ಭಾಗದಿಂದ ಕೆಳಗೊತ್ತಿ ತುತ್ತನ್ನು ಗಂಟಲಿಗೆ ತಳ್ಳುತ್ತವೆ. ಕಣ್ಣಲ್ಲೇ ನುಂಗಿಬಿಟ್ಟ ಅಂತ ನಾವು ಬಾಯಿಮಾತಿಗೆ ಹೇಳ್ತೀವಲ್ಲ, ಇದು ನಿಜವಾಗಿಯೂ ನುಂಗುತ್ತದೆ.

ಇನ್ನು ಸೆಟ್ ವಿಷಯ. ಇವಕ್ಕೆ ಯಾವುದಕ್ಕೂ ಬೇಡ ಅಂತ ಮಗಳಿಗೆ ಹೇಳಿ. ನಿಜವಾಗಿ ಬೇಕಾದದ್ದು ಆನೆಗೆ. ಅದಕ್ಕೆ ಜೀವಮಾನದಲ್ಲಿ ದವಡೆ ಹಲ್ಲು ಒಂದಾದ ಮೇಲೊಂದರಂತೆ 6 ಸಲ ಬರುತ್ತವೆ. ಕೊನೆಯದೂ ಸವೆದರೆ ಮುದಿ ಆನೆಗೆ ಮುಂದೆ ಮೇವಿದ್ದರೂ ಅಗಿಯಲಾಗುವುದಿಲ್ಲ.