ಸುದ್ದಿಯಾಗದ ಕೆಲಸಕ್ಕೂ ಮನ್ನಣೆ

ಪ್ರಶ್ನೆ: ನಾನೊಂದು ತಂಡದ ಮೇಲ್ವಿಚಾರಕಿ. ನಮ್ಮಲ್ಲಿ ವರ್ಷಾಂತ್ಯದ ಪ್ರಶಸ್ತಿಗಳು ಪ್ರತಿಸಲವೂ ಹೊಸ ಗ್ರಾಹಕರನ್ನು ತಂದವರಿಗೆ ಅಥವಾ ಹೊಸ ಯೋಜನೆಯನ್ನು ಮುಗಿಸಿದವರಿಗೆ ಸಲ್ಲುತ್ತವೆ. ಇರುವ ವ್ಯವಸ್ಥೆ ಕೆಡದಂತೆ ನೋಡಿಕೊಳ್ಳುವವರ, ಹೊಸಬರನ್ನು ತಿದ್ದಿ ತಯಾರು ಮಾಡುವವರ ಹೆಸರು ಬರುವುದೇ ಇಲ್ಲ. ಎಲ್ಲರಿಗೂ ಒಂದೊಂದು ಪ್ರಶಸ್ತಿ ಕೊಟ್ಟರೆ ಅದಕ್ಕೆ ಬೆಲೆ ಉಳಿಯುವುದೇ?

ಉತ್ತರ: ಉಳಿಯುವುದಿಲ್ಲ, ಆದ್ದರಿಂದ ಪ್ರಶಸ್ತಿಗಳ ಸಂಖ್ಯೆಯನ್ನು ಹೆಚ್ಚಿಸುವ ದಾರಿ ಬೇಡ. ಹೊಸ ಗ್ರಾಹಕರನ್ನು ಎಣಿಸಬಹುದು, ಯೋಜನೆ ಮುಗಿದ ದಿನವನ್ನು ಗುರುತು ಹಾಕಿಕೊಳ್ಳಬಹುದು. ಆದರೆ ಕೆಡಬಹುದಾಗಿದ್ದ ವ್ಯವಸ್ಥೆ ಕೆಡಲಿಲ್ಲ ಎಂಬುದು ಯಾವ ವರದಿಯಲ್ಲಿಯೂ ಸುದ್ದಿಯಾಗುವುದಿಲ್ಲ. ಹೀಗಾಗಿ ಬೆಂಕಿ ಆರಿಸಿದವರ ಕೊರಳಿಗೆ ಹಾರ ಬೀಳುತ್ತದೆ, ಅದು ಹತ್ತದಂತೆ ಕಾದವರನ್ನು ಕೇಳುವವರಿಲ್ಲ. (ಕೆಲವು ಕಚೇರಿಗಳಲ್ಲಿ ಹಚ್ಚಿದವರೂ ಆರಿಸಿದವರೂ ಒಬ್ಬರೇ ಆಗಿರುತ್ತಾರೆ ಎಂಬುದು ಬೇರೆ ಮಾತು.)

ಕಣ್ಣಿಗೆ ಬೀಳದ ಇಂಥ ಸಂಗತಿಗಳನ್ನು ದಾಖಲೆಗೆ ತರುವ ಬಗೆಯನ್ನು ವಿಮಾನಯಾನ ಕ್ಷೇತ್ರದಿಂದ ಕಲಿಯಬಹುದು. ಅಮೆರಿಕದಲ್ಲಿ 1976ರಿಂದ ನಾಸಾ ನಡೆಸುತ್ತಿರುವ ವ್ಯವಸ್ಥೆಯೊಂದಕ್ಕೆ ಪೈಲಟ್‌ಗಳು, ವಾಯುಸಂಚಾರ ನಿಯಂತ್ರಕರು ಮತ್ತು ನಿರ್ವಹಣಾ ಸಿಬ್ಬಂದಿ, ಕೂದಲೆಳೆಯಲ್ಲಿ ತಪ್ಪಿದ ಅವಘಡಗಳನ್ನು ಸ್ವಇಚ್ಛೆಯಿಂದ ವರದಿ ಮಾಡುತ್ತಾರೆ; ಅವರ ಗುರುತನ್ನು ಗೋಪ್ಯವಾಗಿಡಲಾಗುತ್ತದೆ. ನೀವೂ ತಿಂಗಳ ಸಭೆಯಲ್ಲಿ ‘ಈ ತಿಂಗಳು ತಪ್ಪಿದ ತೊಂದರೆ ಯಾವುದು, ಅದು ಯಾರ ಕಣ್ಣಿಗೆ ಮೊದಲು ಬಿತ್ತು’ ಎಂದು ಕೇಳಿ, ಉತ್ತರವನ್ನು ಬರೆದಿಡಿ. ಆ ಟಿಪ್ಪಣಿ ಕೈಯಲ್ಲಿದ್ದರೆ ವರ್ಷಾಂತ್ಯದಲ್ಲಿ ನೆನಪನ್ನು ಕೆದಕಬೇಕಾಗುವುದಿಲ್ಲ. ಮೆಚ್ಚುಗೆಯ ಮಾತು ಮಾತ್ರ ಅಷ್ಟು ದಿನ ಕಾಯಬಾರದು. ‘ಚೆನ್ನಾಗಿ ಮಾಡಿದಿರಿ’ ಎನ್ನುವುದಕ್ಕಿಂತ, ಏನು ಮಾಡಿದ್ದರಿಂದ ಯಾರಿಗೆ ಏನು ಅನುಕೂಲವಾಯಿತು ಎಂಬುದನ್ನು ಆಗಲೇ ಬಿಡಿಸಿ ಹೇಳಿ. ವೇದಿಕೆಗೆ ಮುಜುಗರಪಡುವವರಿಗೆ ಎರಡು ಸಾಲಿನ ಪತ್ರ ಸಾಕು.

ಇನ್ನು, ಮಾತಿನ ಮನ್ನಣೆಗೂ ಮಿತಿಯಿದೆ. ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಸಹೋದ್ಯೋಗಿಗಳು 1959ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಮಾರು 200 ಎಂಜಿನಿಯರುಗಳು ಮತ್ತು ಲೆಕ್ಕಪರಿಣತರು ಕೆಲಸದಲ್ಲಿ ಹೆಚ್ಚು ಸಂತೋಷ ಕಂಡ ಸಂದರ್ಭಗಳನ್ನು ಹೇಳುವಾಗ ಸಾಧನೆಯನ್ನೂ ಮನ್ನಣೆಯನ್ನೂ ಪದೇ ಪದೇ ನೆನೆದರು. ಆದರೆ ದೀರ್ಘಕಾಲ ಉಳಿದ ತೃಪ್ತಿ ಕೆಲಸದ ಸ್ವರೂಪದಿಂದಲೂ ಜವಾಬ್ದಾರಿಯಿಂದಲೂ ಬಂದದ್ದಾಗಿತ್ತು. ಆದ್ದರಿಂದ ಹೊಸಬರನ್ನು ತಯಾರು ಮಾಡುವವರಿಗೆ ಅದನ್ನೇ ಅಧಿಕೃತ ಹೊಣೆಯಾಗಿ ವಹಿಸಿ, ಅದಕ್ಕೆ ತಗಲುವ ಸಮಯವನ್ನು ಉಳಿದ ಕೆಲಸದಿಂದ ಕಡಿತಗೊಳಿಸಿ. ಬಡ್ತಿಯ ಲೆಕ್ಕದಲ್ಲಿಯೂ ಅದು ಸೇರದಿದ್ದರೆ ನಿಮ್ಮ ಹೊಗಳಿಕೆಯನ್ನು ಅವರು ಬೇಗನೆ ಅನುಮಾನಿಸತೊಡಗುತ್ತಾರೆ.

ಪ್ರಶ್ನೆ: ಫಲ ಕೊಡದೆಂದು ಖಚಿತವಾದ ಯೋಜನೆಯನ್ನು ನಾನೇ ಸಲಹೆ ನೀಡಿ ನಡುವೆ ನಿಲ್ಲಿಸಿದೆ. ವಾರ್ಷಿಕ ಮೌಲ್ಯಮಾಪನದಲ್ಲಿ ಇದನ್ನು ಸಾಧನೆಯೆಂದು ಬರೆಯಬಹುದೇ?

ಉತ್ತರ: ಧಾರಾಳವಾಗಿ ಬರೆಯಬಹುದು. ಯಾವ ಆಧಾರದಿಂದ ನಿರ್ಧರಿಸಿದಿರಿ, ಮುಂದುವರಿಸಿದ್ದರೆ ಇನ್ನೆಷ್ಟು ಹಣ ಮತ್ತು ಶ್ರಮ ವ್ಯಯವಾಗುತ್ತಿತ್ತು, ಬಿಡುವಾದ ಜನರು ಈಗ ಯಾವ ಕೆಲಸದಲ್ಲಿದ್ದಾರೆ ಎಂಬ ವಿವರ ಕೊಡಿ. ಯೋಜನೆಗಾಗಿ ದುಡಿದವರ ಹೆಸರುಗಳನ್ನೂ ಸೇರಿಸಿ. ನಿಲ್ಲಿಸುವ ನಿರ್ಧಾರಕ್ಕೆ ಬೇಕಾದ ಮಾಹಿತಿ ಅವರ ದುಡಿಮೆಯಿಂದಲೇ ಬಂದಿದೆ.