ಹುಲಿ ಸೊಪ್ಪು ತಿನ್ನಲ್ಲ, ಅದಕ್ಕೂ ದ್ಯುತಿಸಂಶ್ಲೇಷಣೆ (ಅಂದ್ರೆ ಗಿಡ ಬಿಸಿಲಿಂದ ಆಹಾರ ಮಾಡ್ಕೊಳ್ಳೋದು) ಬೇಕಾ?

ಬೇಕೇ ಬೇಕು. ಜಿಂಕೆ ಮಾಂಸದಲ್ಲಿರೋ ಶಕ್ತಿ ಹುಲ್ಲಿಂದ ಬಂದದ್ದು, ಹುಲ್ಲಿಗೆ ಬಿಸಿಲಿಂದ ಬಂದದ್ದು, ಅಂದ್ರೆ ಹುಲಿ ತಿನ್ನೋದೂ ಎರಡು ಕೈ ದಾಟಿ ಬಂದ ಬಿಸಿಲನ್ನೇ.

ನಮ್ ಮೈಗೆ ಬಿಸಿಲಿಂದ ನೇರವಾಗಿ ಊಟ ಮಾಡ್ಕೊಳ್ಳೋಕೆ ಬರಲ್ಲ, ಎಲೆಗೆ ಬರುತ್ತೆ. ಎಲೆಲಿರೋ ಕ್ಲೋರೋಫಿಲ್ ಅನ್ನೋ ಹಸಿರು ವಸ್ತು ಬೆಳಕು ಹೀರ್ಕೊಳ್ಳುತ್ತೆ, ಆ ಶಕ್ತಿಯಿಂದ ನೀರಿನ ಅಣು ಒಡೆಯುತ್ತೆ, ಅದ್ರಲ್ಲಿ ಸಿಕ್ಕ ಹೈಡ್ರೋಜನ್ನು ಗಾಳಿಯಿಂದ ಎಳ್ಕೊಂಡ ಕಾರ್ಬನ್ ಡೈಆಕ್ಸೈಡ್ ಜೊತೆ ಸೇರಿ ಸಕ್ಕರೆ ಆಗುತ್ತೆ, ಉಳಿದ ಆಕ್ಸಿಜನ್ ಹೊರಗೆ ಹೋಗುತ್ತೆ. ನಾವು ಉಸಿರಾಡೋದು ಗಿಡ ಬೇಡ ಅಂತ ಬಿಟ್ಟಿದ್ದನ್ನ! ಆ ಸಕ್ಕರೆಯಿಂದಲೇ ಕಾಂಡ, ನಾರು, ಬೀಜ ಎಲ್ಲಾ ಕಟ್ಕೊಳ್ಳೋದು, ಹಾಗಾಗಿ ಒಣಗಿದ ಮರದ ತೂಕದಲ್ಲಿ ಬಹುಪಾಲು ಗಾಳಿ ಮತ್ತೆ ನೀರಿಂದ ಬಂದದ್ದು, ಮಣ್ಣಿಂದ ಬರೋದು ತುಂಬಾ ಕಮ್ಮಿ.

ಇದೆಲ್ಲಾ ಕಾಡಲ್ಲಿ ಮಾತ್ರ ನಡೆಯುತ್ತೆ ಅನ್ಕೋಬೇಡಿ, ಭೂಮಿ ಮೇಲಿನ ದ್ಯುತಿಸಂಶ್ಲೇಷಣೆಲಿ ಹತ್ತಿರ ಹತ್ತಿರ ಅರ್ಧ ಸಮುದ್ರದಲ್ಲೇ, ಅದೂ ಬರಿಗಣ್ಣಿಗೆ ಕಾಣದ, ನೀರಲ್ಲಿ ತೇಲೋ ಪ್ಲಾಂಕ್ಟನ್ ಅನ್ನೋ ಸಣ್ಣ ಜೀವಿಗಳು ಮಾಡೋದು.

ಬೆಳಕಿಲ್ಲದೆ ಬದುಕೋರೇ ಇಲ್ವಾ ಅಂದ್ರೆ, ಇದ್ದಾರೆ. 1977ರಲ್ಲಿ ಪೆಸಿಫಿಕ್ ಸಾಗರದ ಗಲಾಪಗೋಸ್ ದ್ವೀಪಗಳ ಹತ್ತಿರ ಸಮುದ್ರದ ತಳದಲ್ಲಿ ಬಿಸಿನೀರಿನ ಬುಗ್ಗೆಗಳು ಸಿಕ್ಕಾಗ ಅಲ್ಲಿ ಕತ್ತಲಲ್ಲೇ ಉದ್ದುದ್ದ ಕೊಳವೆ ಹುಳುಗಳು ಆರಾಮಾಗಿದ್ವು, ಅವುಗಳ ಮೈಯೊಳಗಿನ ಬ್ಯಾಕ್ಟೀರಿಯಾ ಹೈಡ್ರೋಜನ್ ಸಲ್ಫೈಡ್ ಅನ್ನೋ ಗ್ಯಾಸಿಂದ ಶಕ್ತಿ ತಗೊಂಡು ಆಹಾರ ಮಾಡ್ಕೊಡುತ್ವೆ. ಆದ್ರೆ ಮಜಾ ಏನಂದ್ರೆ ಆ ಕೆಲಸಕ್ಕೂ ನೀರಲ್ಲಿ ಕರಗಿರೋ ಆಕ್ಸಿಜನ್ ಬೇಕು, ಅದು ತಯಾರಾಗಿದ್ದು ಮೇಲೆ ಬಿಸಿಲಲ್ಲಿ. ಆಕ್ಸಿಜನ್ನೂ ಬೇಡದ ಕೆಲವು ಸೂಕ್ಷ್ಮಜೀವಿಗಳಿವೆ, ಅವು ಮಾತ್ರ ನಿಜವಾಗ್ಲೂ ಈ ಲೆಕ್ಕದಿಂದ ಹೊರಗೆ.