ವೆಲ್ಡಿಂಗ್ ಕಲಿಯಲು ಬಂದ ಗೀತಕಾರ

ಪ್ರಶ್ನೆ: ಮಾನ್ಯರೇ, ನಮ್ಮ ತಂದೆಯವರು ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ನೌಕರಿಯಲ್ಲಿದ್ದರು. ಮುಷ್ಕರಗಳಲ್ಲಿ ಕೂಗುವ ‘ಹಡತಾಲ್ ಹಮಾರಾ ನಾರಾ ಹೈ’ ಎಂಬ ಘೋಷಣೆ ಹಿಂದಿ ಚಿತ್ರಗೀತಕಾರ ಶೈಲೇಂದ್ರರದ್ದೆಂದು ಅವರು ಹೇಳುತ್ತಿದ್ದರು. ಅದು ನಿಜವಾದರೆ, ಸಿನಿಮಾಕ್ಕೆ ಹೋದ ಮೇಲೆ ಅವರೊಳಗಿನ ಕಾರ್ಮಿಕ ಕವಿ ಏನಾದ?
– ಓದುಗರೊಬ್ಬರು, ಗದಗ ರಸ್ತೆ, ಹುಬ್ಬಳ್ಳಿ

ಉತ್ತರ: ತಮ್ಮ ತಂದೆಯವರ ಮಾತು ನಿಜ. 1923ರಲ್ಲಿ ರಾವಲ್ಪಿಂಡಿಯಲ್ಲಿ ಹುಟ್ಟಿ ಮಥುರೆಯಲ್ಲಿ ಬೆಳೆದ ಶೈಲೇಂದ್ರರು ಮುಂಬಯಿಗೆ ಬಂದು ಸೇರಿದ್ದು ಮಾಟುಂಗಾದ ರೈಲ್ವೆ ವರ್ಕ್‌ಶಾಪನ್ನು, ವೆಲ್ಡಿಂಗ್ ಕಲಿಯಲು. ಬಿಡುವಿನಲ್ಲಿ ಎಡಪಂಥೀಯ ಕಲಾವಿದರ ಸಂಘಟನೆಯಾದ ಇಪ್ಟಾದ ಸಭೆಗಳಲ್ಲಿ ಕವಿತೆ ಓದುತ್ತಿದ್ದರು. ವಿಭಜನೆಯ ಕಾಲದಲ್ಲಿ ಹೊತ್ತಿ ಉರಿದ ಪಂಜಾಬನ್ನು ಕುರಿತ ಅವರ ಕವಿತೆಯನ್ನು ಕೇಳಿದ ರಾಜ್ ಕಪೂರ್ ಸಿನಿಮಾಕ್ಕೆ ಬರೆಯುವಂತೆ ಕರೆದಾಗ, ತಮ್ಮ ಕವಿತೆ ಮಾರಾಟಕ್ಕಿಲ್ಲವೆಂದು ಹೇಳಿಬಿಟ್ಟರು. ಮುಂದೆ ಹೆಂಡತಿ ಗರ್ಭಿಣಿಯಾಗಿ ಮನೆಯಲ್ಲಿ ಹಣದ ಅಡಚಣೆಯಾದಾಗ ತಾವೇ ಹೋಗಿ, 500 ರೂಪಾಯಿಗೆ ‘ಬರ್ಸಾತ್’ (1949) ಚಿತ್ರಕ್ಕೆ ಎರಡು ಹಾಡು ಬರೆದುಕೊಟ್ಟರು. ಇದನ್ನು ಶರಣಾಗತಿಯೆಂದು ಟೀಕಿಸುವವರು ಪಗಾರದ ಮೇಲೆ ನಡೆಯುವ ಮನೆಯ ತಿಂಗಳ ಕೊನೆಯನ್ನು ಕಂಡಿರಲಾರರು.

ಚಿತ್ರಗೀತೆಗಳಲ್ಲಿ ಅವರು ಘೋಷಣೆ ಕೂಗಲು ಹೋಗಲಿಲ್ಲ. ಜಮೀನು ಉಳಿಸಿಕೊಳ್ಳಲು ಕಲ್ಕತ್ತೆಗೆ ಹೋಗಿ ರಿಕ್ಷಾ ಎಳೆಯುವ ರೈತನ ಕಥೆಯಾದ ‘ದೋ ಬೀಘಾ ಜಮೀನ್’ (1953) ಚಿತ್ರಕ್ಕೆ ಅವರು ಬರೆದ ಮಳೆಯ ಹಾಡಿನಲ್ಲಿ ಸಿಟ್ಟಿನ ಸುಳಿವೇ ಇಲ್ಲ, ಮಳೆ ಬಂದ ಸಂತೋಷವಷ್ಟೇ ಇದೆ; ಬರಗಾಲದಲ್ಲಿ ಗುಳೆ ಹೋದವರನ್ನು ಕಂಡ ಗದಗ ಸೀಮೆಯ ಕೇಳುಗರಿಗೆ ಆ ಸಂತೋಷವೇ ಹೆಚ್ಚು ಸಂಕಟ ಕೊಡುತ್ತದೆ.

ನನ್ನ ಮಟ್ಟಿಗೆ ಅವರ ನಿಜವಾದ ಕೃತಿ ‘ತೀಸ್ರೀ ಕಸಮ್’ (1966). ಫಣೀಶ್ವರನಾಥ ರೇಣು ಅವರ ಕಥೆಯನ್ನು ತಾವೇ ನಿರ್ಮಾಪಕರಾಗಿ ತೆರೆಗೆ ತಂದ ಈ ಚಿತ್ರದಲ್ಲಿ ನಾಯಕ ಒಬ್ಬ ಚಕ್ಕಡಿ ಹೊಡೆಯುವವ. ಸುಳ್ಳಾಡಬೇಡ, ದೇವರ ಬಳಿಗೆ ಹೋಗಬೇಕಿದೆ, ಅಲ್ಲಿಗೆ ಆನೆಯಿಲ್ಲ, ಕುದುರೆಯಿಲ್ಲ, ನಡೆದೇ ಹೋಗಬೇಕು ಎಂಬರ್ಥದ ಹಾಡನ್ನು ಅವನು ಗಾಡಿಯ ಮೇಲೆ ಕುಳಿತು ಹಾಡುವಾಗ, ಶಿಶುನಾಳ ಶರೀಫರ ತತ್ತ್ವಪದಗಳನ್ನು ಕೇಳಿ ಬೆಳೆದ ನಮ್ಮವರಿಗೆ ಅದು ಪರಭಾಷೆಯ ಹಾಡೆನಿಸುವುದಿಲ್ಲ. ಆನೆ, ಕುದುರೆ ಏರಿದವರನ್ನು ಕೆಳಗಿಳಿಸಿ ಎಲ್ಲರ ಜೊತೆ ನಡೆಸುವ ಈ ಸಾಲಿನಲ್ಲಿಯೇ ತಾವು ಕೇಳಿದ ಕಾರ್ಮಿಕ ಕವಿ ಇದ್ದಾನೆ.

ಚಿತ್ರ ಓಡಲಿಲ್ಲ, ಸಾಲ ಬೆಳೆಯಿತು, ಕುಡಿತವೂ ಸೇರಿ ಆರೋಗ್ಯ ಕೆಟ್ಟಿತು. 1966ರ ಡಿಸೆಂಬರ್ 14ರಂದು, 43ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅದೇ ಚಿತ್ರಕ್ಕೆ ಆ ವರ್ಷದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪತಿಗಳ ಸ್ವರ್ಣಪದಕ ದೊರೆತದ್ದು ಅವರ ನಿಧನದ ನಂತರ.